ಅತ್ತಿಗೆ ಕಂಡ ಟೋಪಿ ಹಕ್ಕಿ

ಲಾಂಡ್ರಿ ಅಂಗಡಿಯ ಅತ್ತಿಗೆಯನ್ನು ಅತ್ತಿಗೆ ಎಂದು ಕರೆಯುವ ಹಕ್ಕು ನ್ಯಾಯವಾಗಿ ಒಬ್ಬಳಿಗೇ ಇರುವುದು, ಅವಳ ನಾದಿನಿಗೆ. ಆದರೆ ನಾದಿನಿಯ ಗಂಟಲು ಸಾಮಾನ್ಯದ್ದಲ್ಲ. ಅತ್ತಿಗೆ ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ಅವಳು ಕೆಳಗಿನ ಕೌಂಟರಿನಲ್ಲಿ ನಿಂತು, ಮೇಲಿನ ತಾರಸಿಗೆ ಕೇಳುವಂತೆ ದಿನವಿಡೀ "ಅತ್ತಿಗೇ" ಎಂದು ಕೂಗುತ್ತಿದ್ದಳು. ಕೇಳಿ ಕೇಳಿ ಬೀದಿಗೆಲ್ಲ ಅದೇ ಬಾಯಿಪಾಠವಾಯಿತು. ಈಗ ಹಾಲಿನವನಿಗೂ ಅತ್ತಿಗೆ, ಎದುರುಮನೆಯ ಅಜ್ಜನಿಗೂ ಅತ್ತಿಗೆ. ಅಜ್ಜನಿಗೆ ಅವಳು ಮಗಳ ವಯಸ್ಸಿನವಳು ಎಂಬುದು ಅಜ್ಜನಿಗೂ ಮರೆತುಹೋಗಿದೆ.

ಆ ಮನೆಯ ಕೆಳಗೆ ಅಂಗಡಿ, ನಡುವೆ ಸಂಸಾರ, ಮೇಲೆ ತಾರಸಿ. ಕೆಳಗೆ ಬಾಯ್ಲರನ್ನು ನೋಡಿಕೊಳ್ಳುವವನು ಅತ್ತಿಗೆಯ ಗಂಡ. ಬಾಯ್ಲರು ಬುಸುಗುಟ್ಟುವಷ್ಟೂ ಮಾತಾಡದ ಮನುಷ್ಯ. ಕೌಂಟರು ಮತ್ತು ಇಸ್ತ್ರಿ ಮೇಜು ನಾದಿನಿಯದು. ಅವಳ ಗಂಡ ಬಸ್ಸು ಓಡಿಸುತ್ತಾನೆ. ಅವರ ಮನೆ ಪಕ್ಕದ ಬೀದಿಯಲ್ಲಿ. ರಾತ್ರಿ ಮಲಗುವುದಕ್ಕೆ ಮಾತ್ರ ಅಲ್ಲಿಗೆ ಹೋಗುತ್ತಾಳೆ ಎಂದು ಅವನೇ ದೂರುತ್ತಾನೆ. ಹೋಟೆಲಿನ ಹಾಸಿಗೆ ಬಟ್ಟೆ, ಆಸ್ಪತ್ರೆಯ ಕೋಟು, ಊಟದ ಮೇಜಿನ ಹೊದಿಕೆ, ಎಲ್ಲವೂ ಯಂತ್ರದಿಂದ ಹೊರಬಿದ್ದ ಮೇಲೆ ಅತ್ತಿಗೆಯ ಕೈಗೆ ಬರುತ್ತವೆ. ಬಿಳಿ ಬಟ್ಟೆಯನ್ನು ನೀಲಿಯ ನೀರಿಗೆ ಅದ್ದುವುದು, ಗಂಜಿ ಹಾಕುವುದು, ತಾರಸಿಗೆ ಹೊತ್ತು ಒಣಹಾಕುವುದು ಅವಳ ಕೆಲಸ. ಬಟ್ಟೆಯ ಮೇಲಿನ ಕಲೆ ಯಾವುದರದು ಎಂದು ಅತ್ತಿಗೆ ಹೇಳಿದರೆ ನಾದಿನಿ ಎದುರಾಡುವುದಿಲ್ಲ. ಅತ್ತಿಗೆ ಮೂಸಿ ನೋಡಿ "ಇದು ಕಾಫಿ ಅಲ್ಲ, ಔಷಧಿ" ಅಂದರೆ ಮುಗಿಯಿತು, ಅದು ಔಷಧಿಯೇ.

ಹಕ್ಕಿ ಬಂದದ್ದು ಮಳೆ ನಿಂತು ಬಿಸಿಲು ಬಿದ್ದ ಒಂದು ಬೆಳಗ್ಗೆ. ಅತ್ತಿಗೆ ಹಾಸಿಗೆ ಬಟ್ಟೆಗಳನ್ನು ಹರವಿ ಕ್ಲಿಪ್ಪು ಹಾಕುತ್ತಿದ್ದಳು. ತಾರಸಿಯ ಮೂಲೆಯಲ್ಲಿ ನೀರು ಹರಿದುಹೋಗುವ ಕೊಳವೆಯ ಬಾಯಿ ಕಟ್ಟಿಕೊಂಡು ಸ್ವಲ್ಪ ನೀರು ನಿಂತಿತ್ತು. ಆ ನೀರಿನಲ್ಲಿ ಅದು ನಿಂತಿತ್ತು. ಕೋಳಿಗಿಂತ ಚಿಕ್ಕದು, ಪಾರಿವಾಳಕ್ಕಿಂತ ಎತ್ತರ. ಇಟ್ಟಿಗೆ ಬಣ್ಣದ ಮೈ, ಉದ್ದನೆಯ ಹಳದಿ ಕಾಲು, ತಲೆಯ ಮೇಲೆ ಹುಬ್ಬಿನವರೆಗೂ ಎಳೆದುಕೊಂಡ ಟೋಪಿಯ ಹಾಗೆ ಕಡುನೀಲಿ. ಒಂದೊಂದೇ ಕಾಲನ್ನು ಎತ್ತುವುದು, ನೀರು ಝಾಡಿಸುವುದು, ಮತ್ತೆ ಅದೇ ನೀರಿಗೆ ಇಡುವುದು. ಅತ್ತಿಗೆ ಕ್ಲಿಪ್ಪನ್ನು ಹಲ್ಲಿನಲ್ಲಿ ಕಚ್ಚಿಕೊಂಡವಳು ಹಾಗೇ ಕಚ್ಚಿಕೊಂಡು ನಿಂತಳು. ಆಮೇಲೆ ಮೆಲ್ಲಗೆ ಮೆಟ್ಟಿಲ ಬಾಗಿಲಿಗೆ ಬಂದು, "ಬೇಗ ಬಾರೇ, ಬೇಗ!" ಎಂದಳು. ನಾದಿನಿ ಖಾಲಿ ಬುಟ್ಟಿ ಹಿಡಿದು ನಡುಮೆಟ್ಟಿಲಲ್ಲಿ ಸುಧಾರಿಸಿಕೊಳ್ಳುತ್ತಿದ್ದಳು. "ಬಂದೆ ಬಂದೆ" ಅಂದಳೇ ಹೊರತು ಬರಲಿಲ್ಲ. ಬರುವ ಹೊತ್ತಿಗೆ ಹಕ್ಕಿ ನೀರಿನ ಟ್ಯಾಂಕಿನ ಮೇಲಿಂದ ಹಾರಿಹೋಗಿತ್ತು.

"ಎಲ್ಲಿ?"

"ಈಗ ಹೋಯ್ತು ಕಣೇ. ತಲೆ ಮೇಲೆ ನೀಲಿ ಟೋಪಿ ಇತ್ತು!"

ನಾದಿನಿ ನಿಂತ ನೀರನ್ನು ನೋಡಿದಳು, ಪಕ್ಕದಲ್ಲಿದ್ದ ನೀಲಿ ಕಲಸಿದ ಬಕೆಟ್ಟನ್ನು ನೋಡಿದಳು. "ಅತ್ತಿಗೆ, ಅದು ಪಾರಿವಾಳ. ನೀಲಿ ಬಕೆಟ್ಟಲ್ಲಿ ತಲೆ ಅದ್ಕೊಂಡಿದೆ ಅಷ್ಟೆ. ಒಗೆದ್ರೆ ಹೋಗುತ್ತೆ."

ಅಲ್ಲಿಗೆ ಅತ್ತಿಗೆಯ ಹಕ್ಕಿಯ ಕಥೆ ಮನೆಯವರ ಬಾಯಿಗೆ ಬಿತ್ತು. ಯಾವ ಮಾತು ನಂಬುವಂತಿಲ್ಲವೋ ಅದು ಟೋಪಿ ಹಕ್ಕಿ. ಗಿರಾಕಿಯೊಬ್ಬ ತಾನು ಕೊಟ್ಟದ್ದು ಒಂದು ಜೊತೆ ಕಾಲುಚೀಲ, ಒಂಟಿ ಅಲ್ಲ ಎಂದು ಹಟ ಹಿಡಿದರೆ ನಾದಿನಿ, "ಇನ್ನೊಂದನ್ನ ಟೋಪಿ ಹಕ್ಕಿ ಹಾಕ್ಕೊಂಡು ಹೋಗಿರಬೇಕು" ಎನ್ನುವಳು. ಅವಳ ಗಂಡ ತಡವಾಗಿ ಬಂದು ರಸ್ತೆಯಲ್ಲಿ ವಾಹನ ಜಾಸ್ತಿ ಅಂದರೆ, "ಟೋಪಿ ಹಕ್ಕಿ ಅಡ್ಡ ಬಂದಿತ್ತಾ?" ಅತ್ತಿಗೆಯೂ ಎಲ್ಲರ ಜೊತೆ ನಗುತ್ತಿದ್ದಳು. ಕಾಗೆ ಹಾರಿಸುವವಳು ಎಂದು ಬೀದಿಯವರು ತಮಾಷೆ ಮಾಡಿದರೂ ಬೇಸರ ಮಾಡಿಕೊಳ್ಳಲಿಲ್ಲ. ಆದರೆ ನಾದಿನಿ ನಕ್ಕದ್ದು ಮಾತ್ರ ಅವಳಿಗೆ ನೋವಾಗಿತ್ತು. ಇಷ್ಟು ವರ್ಷ ಒಂದೇ ಬಟ್ಟೆಯ ಎರಡು ತುದಿ ಹಿಡಿದು ಹಿಂಡಿದವರು, ಒಬ್ಬರ ಹೆರಿಗೆಗೆ ಇನ್ನೊಬ್ಬರು ನಿಂತವರು. ಊರೆಲ್ಲ ನಂಬದೆ ಹೋಗಲಿ, ಇವಳು ನಂಬಬೇಕಾಗಿತ್ತು. ಈ ಮಾತನ್ನು ಅತ್ತಿಗೆ ಯಾರ ಹತ್ತಿರವೂ ಆಡಿರಲಿಲ್ಲ.

ಹೀಗೇ ವರ್ಷಗಳು ಕಳೆದವು. ಮೇಷ್ಟ್ರೊಬ್ಬರು ತಮ್ಮ ಕೋಟು ಕೊಡಲು ಬರುತ್ತಿದ್ದರು. ಕೋಟಿನ ಜೇಬಿನಲ್ಲಿ ಸೀಮೆಸುಣ್ಣ ಇರಬೇಕಾದಲ್ಲಿ ಕಾಳು ಇರುತ್ತಿತ್ತು. ಹಕ್ಕಿಗಳ ಹುಚ್ಚು ಅವರಿಗೆ. ಒಂದು ದಿನ ಅವರ ಚೀಲದಿಂದ ಹಕ್ಕಿಗಳ ಚಿತ್ರದ ಪುಸ್ತಕ ಇಣುಕುತ್ತಿತ್ತು. ಅತ್ತಿಗೆ ಕೇಳಿ ಇಸಕೊಂಡು ಹಾಳೆ ಮಗುಚುತ್ತ ಹೋದಳು, ಒಂದು ಕಡೆ ಅವಳ ಕೈ ನಿಂತುಬಿಟ್ಟಿತು.

"ಇದೇ! ನಮ್ಮ ತಾರಸಿಗೆ ಬಂದಿದ್ದು ಇದೇ!"

ಮೇಷ್ಟ್ರು ನೋಡಿ ಮುಗುಳ್ನಕ್ಕರು. "ಇದು ಈ ಕಡೆ ಬರೋದಿಲ್ಲಮ್ಮ. ಎಲ್ಲೋ ದೂರದ ಒಂದು ಜೌಗು ನೆಲದಲ್ಲಿದೆ. ಅಲ್ಲಿಗೂ ನಾನು ಎಷ್ಟೋ ಸಲ ಹೋಗಿ ಬರಿಗೈಲಿ ಬಂದಿದೀನಿ. ನೀವು ನೋಡಿದ್ದು ಬೇರೆ ಯಾವುದೋ ಇರಬೇಕು."

ಒಳ್ಳೆಯ ಮನುಷ್ಯ, ಮೆತ್ತಗೆ ಹೇಳಿದರು. ಅದು ನಾದಿನಿಯ ನಗುವಿಗಿಂತ ಜಾಸ್ತಿ ಚುಚ್ಚಿತು. ಅಷ್ಟರಲ್ಲಿ ನಾದಿನಿಯೂ ಇಸ್ತ್ರಿ ಪೆಟ್ಟಿಗೆ ಬಿಟ್ಟು ಬಂದು ಇಣುಕಿದಳು. "ಅತ್ತಿಗೆ, ಚಿತ್ರ ನೋಡ್ಬಿಟ್ಟು ಈಗ ಇದೇ ಅಂತಿದೀರಿ."

ಅತ್ತಿಗೆ ಪುಸ್ತಕ ಮುಚ್ಚಿದಳು. "ಮೇಷ್ಟ್ರೇ, ಮುಂದಿನ ಸಲ ಹೋಗುವಾಗ ನನಗೂ ಒಂದು ಸೀಟು ಹಿಡೀರಿ."

ಮದುವೆಯಾದಾಗಿನಿಂದ ಅತ್ತಿಗೆ ರೈಲು ನಿಲ್ದಾಣ ದಾಟಿದವಳಲ್ಲ. ಒಳಗೆ ಬಾಯ್ಲರಿನ ಹತ್ತಿರದಿಂದ ಗಂಡನ ಧ್ವನಿ ಬಂತು, "ಹೋಗ್ಬಾ." ಅವನ ಮಟ್ಟಿಗೆ ಅದೊಂದು ಭಾಷಣ.

"ಹಾಗಾದ್ರೆ ನಾನೂ ಬರ್ತೀನಿ" ಎಂದಳು ನಾದಿನಿ. "ಇಲ್ಲಾಂದ್ರೆ ಅಲ್ಲೂ ನೋಡ್ದೆ ಅಂತ ಬಂದು ಬುರುಡೆ ಬಿಡ್ತೀರಿ. ಸಾಕ್ಷಿ ಬೇಕಲ್ಲ?"

ಬಾಯಲ್ಲಿ ಹಾಗೆ ಹೇಳಿದರೂ ಅತ್ತಿಗೆಯನ್ನು ಒಬ್ಬಳನ್ನೇ ಅಷ್ಟು ದೂರ ಕಳಿಸುವ ಧೈರ್ಯ ಅವಳಿಗಿರಲಿಲ್ಲ. ದಾರಿಗೆಂದು ಸಾಬೂನು, ಬ್ರಷ್ಷು, ನೀಲಿಯ ಪೊಟ್ಟಣ ಕಟ್ಟಿಕೊಂಡಳು. ಅವಿಲ್ಲದೆ ಅವಳು ಪಕ್ಕದ ಬೀದಿಯ ತನ್ನ ಮನೆಗೂ ಹೋಗುವವಳಲ್ಲ.

ಮೇಷ್ಟ್ರ ತಂಡದವರೆಲ್ಲ ಕೊರಳಿಗೆ ದುರ್ಬೀನು ತೂಗುಹಾಕಿಕೊಂಡು ರೈಲಿನುದ್ದಕ್ಕೂ ರೆಕ್ಕೆ, ಕೊಕ್ಕು ಎಂದು ಮಾತಾಡಿದರು. ಇವರಿಬ್ಬರು ಕಿಟಕಿಯಲ್ಲಿ ಕೂತು ಹೊರಗಿನ ಊರುಗಳು ಬಟ್ಟೆ ಒಣಹಾಕುವ ಚೆಂದ ನೋಡಿದರು. "ನೋಡಿ ಅತ್ತಿಗೆ, ಅಂಗಿ ಭುಜಕ್ಕೆ ಕ್ಲಿಪ್ಪು ಹಾಕಿದಾರೆ, ಬುಡಕ್ಕೆ ಹಾಕಬೇಕು ಅನ್ನೋದು ಗೊತ್ತಿಲ್ವಾ?" ರೈಲಿನವರು ಕೊಟ್ಟ ದಿಂಬಿನ ಚೀಲವನ್ನು ನಾದಿನಿ ಬೆಳಕಿಗೆ ಹಿಡಿದು ಮೂಗು ಮುರಿದಳು. ಅತ್ತಿಗೆ ಮಾತ್ರ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಇಷ್ಟು ದೊಡ್ಡ ಬಯಲು, ಇಷ್ಟು ಉದ್ದದ ಸೇತುವೆ ಇವೆಯೆಂದು ಯಾರೂ ಹೇಳಿರಲಿಲ್ಲವಲ್ಲ! ರೈಲು ಇಳಿದು ಬಸ್ಸು ಹತ್ತಿದರು, ಬಸ್ಸು ಇಳಿದು ದೋಣಿ ಹತ್ತಿದರು. ದೋಣಿಯಲ್ಲಿ ನಾದಿನಿ ಕಣ್ಣು ಮುಚ್ಚಿಕೊಂಡು ಅತ್ತಿಗೆಯ ತೋಳನ್ನು ಹಿಂಡಿದ ರೀತಿಗೆ ತೋಳಿನಲ್ಲಿ ನೀರಿದ್ದಿದ್ದರೆ ಅಷ್ಟೂ ಸುರಿಯುತ್ತಿತ್ತು.

ಜೌಗಿನ ದಡದಲ್ಲಿ ಒಂದು ತಂಗುಮನೆ. ಅಲ್ಲಿಂದ ಸ್ವಲ್ಪ ದೂರ ಜೊಂಡಿನ ನಡುವೆ ಮರದ ಮರೆಗುಡಿಸಲು. ಅದರ ಮುಂದೆ ಉದ್ದಕ್ಕೂ ಬಟ್ಟೆಯ ಪರದೆ, ಪರದೆಯಲ್ಲಿ ಕಣ್ಣಿನಷ್ಟಗಲದ ತೂತುಗಳು. ತೂತಿಗೆ ಕಣ್ಣಿಟ್ಟು ಉಸಿರು ಬಿಗಿಹಿಡಿದು ಕೂರಬೇಕು. ಮೊದಲ ದಿನ ಕೂತರು. ಬಾತುಕೋಳಿ ಬಂದವು, ಕೊಕ್ಕರೆ ಬಂತು, ಟೋಪಿ ಹಕ್ಕಿ ಬರಲಿಲ್ಲ. ಮರುದಿನ ಬೆಳಗ್ಗೆಯೂ ಅಷ್ಟೆ. ಇನ್ನು ಉಳಿದದ್ದು ಆ ಸಂಜೆ ಮತ್ತು ನಾಳೆಯ ಬೆಳಗು, ಆಮೇಲೆ ವಾಪಸ್ಸು. ಅತ್ತಿಗೆಗೆ ಅನ್ನ ಇಳಿಯಲಿಲ್ಲ. ಇಷ್ಟು ದೂರ ಬಂದೂ ಹಕ್ಕಿ ಕಾಣದೆ ವಾಪಸು ಹೋದರೆ ತಾನಿರುವಷ್ಟು ಕಾಲವೂ ನೀಲಿ ಬಕೆಟ್ಟಿನ ಪಾರಿವಾಳವೇ ಗಟ್ಟಿ ಎಂದು ಅವಳಿಗೆ ಗೊತ್ತಿತ್ತು. ನಾದಿನಿ ಅಣಕಿಸಿದ್ದರೂ ಚೆನ್ನಾಗಿತ್ತು. ಅವಳು ಅಣಕಿಸಲಿಲ್ಲ. "ಹೋಗ್ಲಿ ಬಿಡಿ ಅತ್ತಿಗೆ" ಎಂದು ಸಮಾಧಾನ ಹೇಳತೊಡಗಿದ್ದಳು.

ಮಧ್ಯಾಹ್ನ ಊಟವಾಗಿ ತಂಡದವರೆಲ್ಲ ಉರುಳಿಕೊಂಡರು. ದೋಣಿಯವನು ಮನೆಗೆ ಹೋಗಿದ್ದ. ಇವರಿಬ್ಬರಿಗೆ ಹಗಲು ನಿದ್ದೆ ರೂಢಿಯಿಲ್ಲ. ಸುಮ್ಮನೆ ಮರೆಗುಡಿಸಲಿನವರೆಗೆ ನಡೆದರು. ಬೆಳಗಿನ ಮಬ್ಬಿನಲ್ಲಿ ಸರಿಯಾಗಿ ಕಾಣದಿದ್ದ ಪರದೆ ಈಗ ಬಿಸಿಲಿನಲ್ಲಿ ನಿಚ್ಚಳವಾಗಿ ಕಂಡಿತು. ಕೆಸರು, ಪಾಚಿ, ಹಕ್ಕಿಗಳ ಹಿಕ್ಕೆ, ಏನಿರಲಿಲ್ಲ ಅದರ ಮೇಲೆ!

"ಶಿವನೇ, ಇದು ಬಿಳಿ ಬಟ್ಟೆ ಕಣ್ರೀ!" ಎಂದಳು ನಾದಿನಿ, ಅಂಚು ಉಜ್ಜಿ ನೋಡಿ.

"ದಪ್ಪ ನೂಲು. ಒಳ್ಳೇ ಬಟ್ಟೆ" ಎಂದಳು ಅತ್ತಿಗೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮುಂದೆ ಆದದ್ದಕ್ಕೆ ಅವರನ್ನು ಬೈದು ಫಲವಿಲ್ಲ, ಅವರ ಕೈಗಳನ್ನು ಬೈಯಬೇಕು. ಪರದೆ ಬಿಚ್ಚಿ ತಂಗುಮನೆಯ ಹಿಂದಿನ ಕೈಪಂಪಿಗೆ ಹೊತ್ತು ತಂದರು. ನೆನೆಸಿದರು, ಉಜ್ಜಿದರು, ಕುಕ್ಕಿದರು, ನೀರು ತಿಳಿಯಾಗುವವರೆಗೆ ಜಾಲಿಸಿದರು. ಆಗಲೂ ತೃಪ್ತಿಯಾಗದೆ ನಾದಿನಿ ನೀಲಿಯ ಪೊಟ್ಟಣ ಬಿಚ್ಚಿದಳು. ಮೇಷ್ಟ್ರು ಎದ್ದು ಆಕಳಿಸುತ್ತ ಹೊರಗೆ ಬಂದಾಗ ಪರದೆ ಎರಡು ಮರಗಳ ನಡುವೆ ಕಣ್ಣು ಕೋರೈಸುವಂತೆ ಫಳಫಳ ಹೊಳೆಯುತ್ತಿತ್ತು. ಹೊಗಳಿಕೆಗಾಗಿ ಕಾಯುತ್ತ ಇಬ್ಬರೂ ಅದರ ಅಕ್ಕಪಕ್ಕ ನಿಂತಿದ್ದರು.

ಮೇಷ್ಟ್ರ ಆಕಳಿಕೆ ಅರ್ಧಕ್ಕೇ ನಿಂತಿತು. "ಅಮ್ಮಾ... ಅದು... ಅದನ್ನ ಯಾಕೆ ಒಗೆದ್ರಿ?"

"ಕೊಳೆಯಾಗಿತ್ತಲ್ಲ ಮೇಷ್ಟ್ರೇ!"

"ಕೊಳೆಯಾಗೇ ಇರಬೇಕಮ್ಮ ಅದು! ಹಕ್ಕಿಗೆ ಕಾಣಬಾರದು ಅಂತ!"

ದೋಣಿಯವನು ಬಂದವನೇ ತಲೆ ಮೇಲೆ ಕೈ ಹೊತ್ತು ನೆಲಕ್ಕೆ ಕೂತ. ಎಷ್ಟೋ ವರ್ಷ ಕೂಡಿಟ್ಟ ಕೊಳೆ, ಇನ್ನು ಎಲ್ಲಿಂದ ತರಲಿ ಎಂದು ಹಲುಬಿದ. ತಂಡದವರು ಬೈಯಲಿಲ್ಲ, ಅದೇ ಕಷ್ಟ. ಆ ಸಂಜೆ ಯಾರೂ ಮರೆಗುಡಿಸಲಿಗೆ ಹೋಗುವಂತಿರಲಿಲ್ಲ. ಅತ್ತಿಗೆಗೆ ನೆಲ ಬಾಯಿಬಿಡಬಾರದೇ ಎನಿಸಿತು. ತನ್ನ ಹಕ್ಕಿ ಹೋಯಿತು ಎಂಬುದು ಒಂದು ಕಡೆ, ಇಷ್ಟು ಜನರ ಹಕ್ಕಿಯನ್ನೂ ತಾನೇ ಓಡಿಸಿದೆ ಎಂಬುದು ಇನ್ನೊಂದು ಕಡೆ. "ನಾಳೆ ಬೆಳಗ್ಗೆ ನಾವೇ ಕೆಸರು ಹಚ್ಚಿ ಕೊಡ್ತೀವಿ" ಎಂದಳು. ಮೇಷ್ಟ್ರು ಒಪ್ಪಿದರು. ಅಷ್ಟರೊಳಗೆ ತಾವು ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ನೋಡಿ ಬರುವುದು ಎಂದಾಯಿತು.

ಬೆಳಕು ಹರಿಯುತ್ತಿದ್ದಂತೆ ದೋಣಿ ಹೊರಟಿತು. ಇವರಿಬ್ಬರು ಜೊಂಡಿನ ಅಂಚಿನಲ್ಲಿ ಪರದೆ ಹಾಸಿಕೊಂಡು ಮಂಡಿಯೂರಿ ಕೂತರು. ನಾದಿನಿ ಕೆಸರು ಕೈಗೆತ್ತಿಕೊಂಡಳು, ಬಟ್ಟೆ ನೋಡಿದಳು, ಮತ್ತೆ ಕೆಸರನ್ನು ಕೆಳಗಿಟ್ಟಳು.

"ನನ್ನ ಕೈಲಾಗಲ್ಲ ಅತ್ತಿಗೆ. ಕೈ ಬರ್ತಿಲ್ಲ."

"ಕಣ್ಣು ಮುಚ್ಕೊಂಡು ಹಚ್ಚು."

"ಎಷ್ಟು ಬೆಳ್ಳಗೆ ಬಂದಿತ್ತು..."

ಅತ್ತಿಗೆಯೇ ಮೊದಲ ಬೊಗಸೆ ಕೆಸರು ಸುರಿದಳು. ಒಂದು ಕ್ಷಣ ಇಬ್ಬರಿಗೂ ಸಂಕಟವಾಯಿತು. ಆಮೇಲೆ ಅದು ಹೇಗೋ ಮಜಾ ಕೊಡತೊಡಗಿತು. ಹುಟ್ಟಿದಾಗಿನಿಂದ ಕೊಳೆ ತೆಗೆದವರಿಗೆ ಕೊಳೆ ಮಾಡುವುದರ ಸುಖ ಅಂದೇ ಗೊತ್ತಾದದ್ದು. ಮೊಣಕೈವರೆಗೆ ಕೆಸರು ಮಾಡಿಕೊಂಡು, ನೆಲ ಬಗೆದು ಬಗೆದು ಹಚ್ಚಿದರು. ನಾದಿನಿ ಒಮ್ಮೆ ಜಾರಿ ಕೂತಳು, ಅತ್ತಿಗೆ ಬಾಯಿಗೆ ತೋಳು ಒತ್ತಿಕೊಂಡು ನಕ್ಕಳು. ಕೊನೆಗೆ ಪರದೆ ಹದಕ್ಕೆ ಬಂತೆಂದು ಇಬ್ಬರೂ ಸುಮ್ಮನೆ ಕೂತು ಸುಧಾರಿಸಿಕೊಂಡರು. ಅವರು ಬಗೆದ ಕೆಸರಿನಲ್ಲಿ ಹುಳುಗಳು ಮೇಲೆದ್ದು ಮಿಸುಕುತ್ತಿದ್ದವು.

ಆಗ ನಾದಿನಿ ಅತ್ತಿಗೆಯ ಮಣಿಕಟ್ಟು ಹಿಡಿದಳು. ನಾದಿನಿ ಮಾತಾಡದೆ ಇದ್ದಾಳೆ ಎಂದರೆ ಏನೋ ಅನಾಹುತವಾಗಿದೆ ಎಂದುಕೊಂಡು ಅತ್ತಿಗೆ ತಲೆ ಎತ್ತಿದಳು.

ಜೊಂಡು ಸರಿಸಿಕೊಂಡು ಅದು ಬಂದಿತ್ತು. ಇಟ್ಟಿಗೆ ಬಣ್ಣದ ಮೈ, ಹಳದಿ ಕಾಲು, ಹುಬ್ಬಿನವರೆಗೆ ನೀಲಿ ಟೋಪಿ. ಒಂದು ಹುಳ ತಿಂದಿತು. ಇನ್ನೊಂದು ತಿಂದಿತು. ಇವರನ್ನು ಎರಡು ಕೆಸರಿನ ಗುಡ್ಡೆ ಎಂದುಕೊಂಡಿತೋ ಏನೋ, ಎದುರಿಗೇ ಬಂದು ಪರದೆಯ ಮೇಲೆ ಹತ್ತಿತು. ಒಂದೊಂದೇ ಕಾಲು ಎತ್ತಿ ಝಾಡಿಸುತ್ತ, ಹಸಿ ಕೆಸರಿನ ಮೇಲೆ ಮೂರು ಬೆರಳಿನ ಗುರುತು ಮೂಡಿಸುತ್ತ ಈ ತುದಿಯಿಂದ ಆ ತುದಿಗೆ ನಡೆಯಿತು. ಅತ್ತಿಗೆಯ ಕಣ್ಣು ತುಂಬಿ ಹಕ್ಕಿ ಮಂಜಾಯಿತು, ಒರೆಸಿಕೊಳ್ಳಲು ಕೈ ಕೆಸರು. ಆ ತುದಿಯಲ್ಲಿ ಒಂದು ಗಳಿಗೆ ನಿಂತ ಹಕ್ಕಿ ಮತ್ತೆ ಜೊಂಡಿನೊಳಗೆ ಹೊಕ್ಕಿತು.

"ಅತ್ತಿಗೇ!" ನಾದಿನಿಯ ಗಂಟಲು ಜೌಗನ್ನೆಲ್ಲ ನಡುಗಿಸಿತು, ಅಷ್ಟೂ ಬಾತುಕೋಳಿಗಳು ಎದ್ದವು. "ನೋಡಿದ್ರಾ? ಟೋಪಿ! ಟೋಪಿ ಇತ್ತು!" ಇಬ್ಬರೂ ಕೆಸರಿನಲ್ಲೇ ತಬ್ಬಿಕೊಂಡರು, ನಕ್ಕರು, ಅತ್ತರು, ಮತ್ತೆ ನಕ್ಕರು.

ಅಷ್ಟರಲ್ಲಿ ದೋಣಿ ವಾಪಸು ಬರುವುದು ಕಾಣಿಸಿತು. ತಂಡದವರ ಮುಖ ನೋಡಿದರೆ ಆಚೆ ದಡದಲ್ಲಿ ಏನೂ ಸಿಕ್ಕಿಲ್ಲವೆಂದು ಗೊತ್ತಾಗುತ್ತಿತ್ತು. ಅವರು ದಡ ಮುಟ್ಟುವ ಮೊದಲೇ ನಾದಿನಿ ಕೂಗಿ ಹೇಳಿದಳು. ಎಲ್ಲರೂ ದೋಣಿಯಿಂದ ಹಾರಿ ಬಂದರು.

"ಫೋಟೋ?" ಎಂದರು ಮೇಷ್ಟ್ರು.

"ಕೈಯೆಲ್ಲ ಕೆಸರು, ಫೋಟೋ ಎಲ್ಲಿ ತೆಗೆಯೋಣ? ಅದರ ಹೆಜ್ಜೆನೇ ಇದೆ ಬನ್ನಿ! ಪರದೆ ಮೇಲೇ ನಡೀತು!"

ಎಂದವಳು ತನ್ನ ತೋಳಿನ ಕಡೆ ನೋಡಿಕೊಂಡಳು. ತೋಳಿನ ಮೇಲೆ ಪರದೆ ಇತ್ತು. ನಾಲ್ಕು ಮಡಿಕೆ, ಅಂಚಿಗೆ ಅಂಚು ಕೂಡಿಸಿ, ಅಂಗೈಯಲ್ಲಿ ತೀಡಿ, ಗಿರಾಕಿಗೆ ಕೊಡುವಷ್ಟು ಅಚ್ಚುಕಟ್ಟಾಗಿ ಮಡಿಸಿದ್ದಳು. ಆ ಸಂಭ್ರಮದಲ್ಲಿ ಯಾವಾಗ ಮಡಿಸಿದಳೋ ಅವಳಿಗೇ ಗೊತ್ತಿಲ್ಲ. ಬಿಡಿಸಿ ನೋಡಿದರೆ ಕೆಸರಿಗೆ ಕೆಸರು ಮೆತ್ತಿಕೊಂಡು ಏಕವಾಗಿತ್ತು. ಹೆಜ್ಜೆಯೂ ಇಲ್ಲ, ಗೆಜ್ಜೆಯೂ ಇಲ್ಲ.

ಮೇಷ್ಟ್ರು ಮೆತ್ತಗೆ ಮುಗುಳ್ನಕ್ಕರು. "ಇರಬಹುದಮ್ಮ. ಆದ್ರೆ ಈ ಮಬ್ಬಿನಲ್ಲಿ ಬೇರೆ ಹಕ್ಕಿನೂ ಹಾಗೆ ಕಾಣಿಸುತ್ತೆ. ಕೆಸರು ಗಿಸರು ಮೆತ್ತಿಕೊಂಡಿದ್ರೆ..."

"ಕೆಸರು ಮೆತ್ತಿಕೊಂಡ್ರೆ ನೀಲಿ ಆಗುತ್ತಾ?" ನಾದಿನಿ ಸೊಂಟಕ್ಕೆ ಕೈಯಿಟ್ಟಳು. "ನನ್ನ ಎರಡು ಕಣ್ಣಲ್ಲಿ ನೋಡಿದೀನಿ ಮೇಷ್ಟ್ರೇ! ಇಲ್ಲಿ, ಈ ಜಾಗದಲ್ಲಿ! ನೋಡಿದೋಳು ನೋಡ್ದೆ ಅಂತ ಹೇಳ್ತಿದೀನಲ್ಲ, ಅಷ್ಟು ಸಾಲದಾ? ಸುಳ್ಳು ಹೇಳಿ ನನಗೇನು ಬರಬೇಕು?"

ಹೇಳಿ ಮುಗಿಸಿದವಳಿಗೆ ತನ್ನ ಮಾತು ತನಗೇ ಕೇಳಿಸಿತು. ಮೆಲ್ಲಗೆ ಅತ್ತಿಗೆಯ ಕಡೆ ತಿರುಗಿದಳು. ಅತ್ತಿಗೆಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಕೆಸರಿನಲ್ಲೇ ಕೂತು, ಪಕ್ಕೆ ನೋಯುವಷ್ಟು ನಕ್ಕಳು. ತಂಡದವರಿಗೆ ತಲೆಬುಡ ತಿಳಿಯಲಿಲ್ಲ. ನಾದಿನಿಯ ಕಣ್ಣಲ್ಲಿ ಮಾತ್ರ ನೀರಾಡಿತು.

"ಪಾರಿವಾಳ ಇರಬೇಕು ಕಣೇ" ಎಂದಳು ಅತ್ತಿಗೆ, ಉಸಿರು ಸಿಕ್ಕಿದ ಮೇಲೆ.

"ಸುಮ್ನಿರಿ ಅತ್ತಿಗೆ" ಎಂದು ನಾದಿನಿ ಅವಳ ಪಕ್ಕದಲ್ಲೇ ಕೂತಳು. ಕೆಸರುಗೈಯಲ್ಲೇ ಅವಳ ಕೈ ಹಿಡಿದುಕೊಂಡಳು.

ವಾಪಸು ಬಂದ ಮೇಲೆ ಅತ್ತಿಗೆಗೆ ಈ ವಿಷಯದಲ್ಲಿ ಬಾಯಿ ತೆರೆಯುವ ಪುರುಸೊತ್ತೇ ಸಿಕ್ಕಿಲ್ಲ. ಗಂಡನಿಗೆ ಹೇಳೋಣವೆಂದರೆ ನಾದಿನಿ ಮೊದಲೇ ಅಣ್ಣನಿಗೆ ಹೇಳಿಯಾಗಿತ್ತು. ಅವನು ಕೇಳಿ, "ನೀನೂ ನೋಡಿದ್ಯಾ?" ಅಂದದ್ದಕ್ಕೆ ಎರಡು ದಿನ ಅಣ್ಣನ ಜೊತೆ ಮಾತು ಬಿಟ್ಟಿದ್ದಳು. ಅವನು ಮಾತಾಡುವವನಲ್ಲದ್ದರಿಂದ ಅದು ಅವನಿಗೆ ತಿಳಿಯಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಇಸ್ತ್ರಿ ಮಾಡುತ್ತಲೇ ನಾದಿನಿ ಕಥೆ ಹೇಳುತ್ತಾಳೆ. ಹೇಳುವಾಗ ಹಕ್ಕಿ ದಿನದಿನಕ್ಕೂ ಸ್ವಲ್ಪ ದೊಡ್ಡದಾಗುತ್ತಿದೆ ಎಂಬುದು ಅತ್ತಿಗೆಯ ತಕರಾರು.

ಮೊನ್ನೆ ಹೊಸ ಗಿರಾಕಿಯೊಬ್ಬ ಕಥೆಯೆಲ್ಲ ಕೇಳಿ, "ಹಾಗಾದ್ರೆ ಆ ಹಕ್ಕಿನ ನೋಡಿದ್ದು ನೀವೊಬ್ರೇನಾ?" ಎಂದು ಕೇಳಿದ. ತಾರಸಿಗೆ ಬುಟ್ಟಿ ಹೊತ್ತು ಹೊರಟಿದ್ದ ಅತ್ತಿಗೆ ಮೆಟ್ಟಿಲಲ್ಲೇ ನಿಂತಳು.

"ನಾನ್ಯಾವಳು? ಮೊದಲು ನೋಡಿದ್ದು ನಮ್ಮ ಅತ್ತಿಗೆ. ಎಷ್ಟೋ ವರ್ಷದ ಹಿಂದೆ, ಇದೇ ಮನೆ ತಾರಸಿ ಮೇಲೆ. ಬೇಗ ಬಾ ಅಂತ ಕರೆದ್ರು, ನಾನೇ ಹೋಗ್ಲಿಲ್ಲ."

ಗಿರಾಕಿ ನಕ್ಕ. "ಈ ಬೀದಿ ತಾರಸಿಗಾ? ಯಾವುದೋ ಪಾರಿವಾಳ ಇರಬೇಕು ಬಿಡಿ."

ನಾದಿನಿ ಅರ್ಧ ಇಸ್ತ್ರಿಯಾಗಿದ್ದ ಅವನ ಅಂಗಿಯನ್ನು ಎತ್ತಿ ಅವನ ಕೈಗೇ ಕೊಟ್ಟಳು. "ನಮ್ಮ ಅತ್ತಿಗೆ ನೋಡ್ದೆ ಅಂದ್ರೆ ನೋಡಿದಾರೆ. ನಂಬೋ ಹಾಗಿದ್ರೆ ಅಂಗಿ ಇಲ್ಲಿಡಿ. ಇಲ್ದಿದ್ರೆ ಇದನ್ನ ಹೀಗೇ ಹಾಕ್ಕೊಂಡು ಹೋಗಿ."

ಅವನು ಅಂಗಿಯನ್ನು ಮತ್ತೆ ಮೇಜಿನ ಮೇಲಿಟ್ಟ.